ಉಮರ ಎಷ್ಟಾತು?

ಹುಮನಾಬಾದಿನ ಒಂದು ಓಣಿಯಲ್ಲಿ ಬ್ಯಾಂಕಿನ ಪರವಾಗಿ ದುಡ್ಡು ಕೊಡುವ ಸಣ್ಣ ಅಂಗಡಿಯಿದೆ. ಒಂದು ಟೇಬಲ್ಲು, ಒಂದು ಲ್ಯಾಪ್‌ಟಾಪು, ಹೆಬ್ಬೆಟ್ಟು ಒತ್ತುವ ಪುಟ್ಟ ಮಷಿನ್ನು, ಗೋಡೆಗೆ ಮಾಣಿಕಪ್ರಭುಗಳ ಕ್ಯಾಲೆಂಡರು. ನಾನು ಹೋದ ದಿನ ನನ್ನ ಮುಂದೆ ಒಬ್ಬ ಆಯಿ ಕೂತಿದ್ದಳು. ಬಲಗೈ ಹೆಬ್ಬೆಟ್ಟು ಇಟ್ಟಳು, ಮಷಿನ್ನು ಒಪ್ಪಲಿಲ್ಲ. ಸೆರಗಿಗೆ ತಿಕ್ಕಿ ಮತ್ತೆ ಇಟ್ಟಳು, ಊಹೂಂ. ವರ್ಷಾನುಗಟ್ಟಲೆ ಸದಿ ಕಿತ್ತು, ತೊಗರಿ ಕೊಯ್ದು, ಮುಸುರೆ ತಿಕ್ಕಿದ ಬೆರಳು ಅದು. ಗೆರೆಗಳೇ ಸವೆದು ಹೋಗಿದ್ದವು. ಅಂಗಡಿಯ ಹುಡುಗ ಒದ್ದೆ ಬಟ್ಟೆ ಕೊಟ್ಟ, ಒರೆಸಿಕೊಂಡಳು. ತೋರುಬೆರಳು ಆಯಿತು, ನಡುಬೆರಳು ಆಯಿತು. ಕೊನೆಗೆ ಎಡಗೈಯ ಉಂಗುರದ ಬೆರಳಿಗೆ ಹಸಿರು ದೀಪ ಹತ್ತಿತು. "ಬಂತು ನೋಡ ಆಯಿ, ನಿನ್ನ ಪಗಾರ" ಅಂದ ಹುಡುಗ. ವಯಸ್ಸಾದವರಿಗೆ ಸರಕಾರ ತಿಂಗಳಿಗೆ ಕೊಡುವ ಸಂಧ್ಯಾ ಸುರಕ್ಷಾ ಯೋಜನೆಯ 1200 ರೂಪಾಯಿ. ಯಾವುದೋ ಫಾರಂ ತುಂಬಲಿಕ್ಕೆ ಆತ ಉಮರ ಕೇಳಿದ. "ಅರವತ್ತೇಳು ಬರಕೋ ತಮ್ಮಾ" ಅಂದಳು.

ದುಡ್ಡನ್ನು ಎಲೆ ಅಡಿಕೆಯ ಚೀಲದೊಳಗೆ ಇಟ್ಟು ಹೊರಗೆ ಬರುವಷ್ಟರಲ್ಲಿ ಎದುರಿಗೆ ಒಬ್ಬ ಹೆಣ್ಣುಮಗಳು ಸಿಕ್ಕಳು. ಹೊಲಗಳಿಗೆ ಕೂಲಿಯವರನ್ನು ಕೂಡಿಸಿಕೊಂಡು ಹೋಗುವಾಕೆ. ನಾಳೆ ಸೋಯಾ ಹೊಲದಲ್ಲಿ ಸದಿ ಕೀಳುವ ಕೆಲಸವಿದೆ, ಆದರೆ ಈ ಸಲ ಮುದುಕಿಯರು ಬ್ಯಾಡ ಅಂತ ಹೊಲದವರು ಹೇಳ್ಯಾರ ಎಂದು ಏನೋ ರಾಗ ಎಳೆದಳು. ಆಯಿಗೆ ಸಿಟ್ಟು ಬಂತು. "ಯಾರಿಗಿ ಮುದುಕಿ ಅಂತಿ? ನನಗ ಇನ್ನ ಐವತ್ತೈದು ತುಂಬಿಲ್ಲ!"

ಅಂಗಡಿಯ ಒಳಗೆ ಅರವತ್ತೇಳು, ಹೊಸ್ತಿಲು ದಾಟಿದರೆ ಐವತ್ತೈದು. ಆಕೆ ಸುಳ್ಳು ಹೇಳಿದಳು ಎಂದು ನನಗೆ ಅನಿಸಲಿಲ್ಲ. ಬೀದರ ಜಿಲ್ಲೆಯ ಈ ಭಾಗದಲ್ಲಿ ಹಳಬರ ವಯಸ್ಸಿಗೆ ಜನ್ಮದಾಖಲೆಯ ಆಧಾರ ಇರುವುದು ಕಡಿಮೆ. ಶಾಲೆಗೆ ಹೋದವರಿಗೆ ಮಾಸ್ತರರು ಕೊಟ್ಟ ಜೂನ್ 1 ಇದೆ. ನಮ್ಮ ಪೀಳಿಗೆಯ ಎಷ್ಟೋ ಜನ ಒಂದೇ ದಿನ ಹುಟ್ಟಿದವರು. ಶಾಲೆಗೆ ಹೋಗದವರು ಘಟನೆಗಳಿಂದ ಎಣಿಸುತ್ತಾರೆ. 1948ರಲ್ಲಿ ಗೋರಟಾದಲ್ಲಿ ರಜಾಕಾರರು ಜನರನ್ನು ಕಡಿದಾಗ ತೊಟ್ಟಿಲಲ್ಲಿದ್ದೆ, 1972ರ ಬರದಲ್ಲಿ ಕಲ್ಲು ಹೊತ್ತೆ, 1993ರಲ್ಲಿ ಕಿಲ್ಲಾರಿ ಭೂಕಂಪದ ನಸುಕಿನಲ್ಲಿ ಮೊಮ್ಮಗನನ್ನು ಎತ್ತಿಕೊಂಡು ಹೊರಗೆ ಓಡಿದೆ, ಹೀಗೆ. ಇಂಥ ಲೆಕ್ಕದಲ್ಲಿ ಐದಾರು ವರ್ಷ ಆಚೀಚೆ ಜರುಗಿಸುವುದಕ್ಕೆ ಜಾಗವಿದೆ. ಆ ಜಾಗವನ್ನು ಯಾರು ಯಾವಾಗ ಯಾವ ಕಡೆಗೆ ಬಳಸುತ್ತಾರೆ ಎಂಬುದನ್ನು ನೋಡಿದರೆ ಮುಪ್ಪಿನ ಬಗ್ಗೆ ಅವರ ಮನಸ್ಸು ಏನೆಂಬುದು ತಿಳಿಯುತ್ತದೆ.

ವಯಸ್ಸಾದಂತೆ ಮುಪ್ಪಿನ ಗಡಿ ಮುಂದೆ ಸರಿಯುತ್ತದೆ ಎಂಬುದು ಹೊಸ ಸಂಗತಿಯೇನಲ್ಲ. ಜರ್ಮನಿಯಲ್ಲಿ 25 ವರ್ಷ ನಡೆದ ಸಮೀಕ್ಷೆಯೊಂದರಲ್ಲಿ 14,000ಕ್ಕೂ ಹೆಚ್ಚು ಜನರನ್ನು ಮತ್ತೆ ಮತ್ತೆ ಒಂದೇ ಪ್ರಶ್ನೆ ಕೇಳಿದ್ದರು: ಮನುಷ್ಯ ಯಾವ ವಯಸ್ಸಿಗೆ ಮುದುಕನಾಗುತ್ತಾನೆ? 2024ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ 64ರಲ್ಲಿದ್ದವರು ಸರಾಸರಿ 74.7 ಎಂದರು, 74 ಮುಟ್ಟಿದವರು 76.8 ಎಂದರು. ನಾಲ್ಕೈದು ವರ್ಷ ಬದುಕಿದರೆ ಗಡಿ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಪೀಳಿಗೆಯಿಂದ ಪೀಳಿಗೆಗೂ ಅದು ಸರಿದಿದೆ. 1911ರಲ್ಲಿ ಹುಟ್ಟಿದವರು 65ರ ವಯಸ್ಸಿನಲ್ಲಿ 71ನ್ನು ಮುಪ್ಪಿನ ಆರಂಭ ಎಂದರೆ, 1956ರಲ್ಲಿ ಹುಟ್ಟಿದವರು ಅದೇ ವಯಸ್ಸಿನಲ್ಲಿ 74 ಎಂದರು. ಹೆಂಗಸರು ಗಂಡಸರಿಗಿಂತ ಸುಮಾರು ಎರಡು ವರ್ಷ ತಡವಾಗಿ ಗಡಿ ಹಾಕಿದರು. ಅಮೆರಿಕದಲ್ಲಿ 2009ರಲ್ಲಿ ನಡೆದ ಇನ್ನೊಂದು ಸಮೀಕ್ಷೆಯಲ್ಲಿ ಮೂವತ್ತರ ಒಳಗಿನವರು 60ಕ್ಕೇ ಮುಪ್ಪು ಎಂದಿದ್ದರೆ, 65 ದಾಟಿದವರು 74 ಎಂದಿದ್ದರು. ಅರವತ್ತಕ್ಕೆ ಅರಳು ಮರಳು ಎಂಬ ನಮ್ಮ ಗಾದೆಯನ್ನು ಕಟ್ಟಿದವರಿಗೂ ಬಹುಶಃ ಮೂವತ್ತರ ಆಸುಪಾಸು. ಅರವತ್ತಾದವರು ಯಾರೂ ಆ ಗಾದೆಯನ್ನು ಕಟ್ಟಿರಲಾರರು.

ಇದನ್ನು ಸಾಮಾನ್ಯವಾಗಿ ಆತ್ಮವಂಚನೆ ಎಂದು ನಕ್ಕು ಬಿಡುತ್ತಾರೆ. ಮುದುಕರಿಗೆ ಮುದುಕರಾದದ್ದು ಒಪ್ಪಿಗೆಯಿಲ್ಲ, ಆದ್ದರಿಂದ ಗಡಿಕಲ್ಲು ಕಿತ್ತು ಮುಂದೆ ನೆಡುತ್ತಾರೆ ಎಂಬ ವಿವರಣೆ. ನನಗೆ ಇದು ಅವಸರದ ತೀರ್ಪು ಅನಿಸುತ್ತದೆ. ಇಪ್ಪತ್ತೈದರವನು ಮುಪ್ಪನ್ನು ಕಂಡಿರುವುದು ಕಣ್ಣಿನಿಂದ ಮಾತ್ರ: ಬೊಚ್ಚುಬಾಯಿ, ಕೋಲು, ಕೆಮ್ಮು, ಹಗಲಿಡೀ ಪಡಸಾಲೆಯ ಹೊರಸು. ಅರವತ್ತೈದರವನಿಗೆ ಅದರ ಒಳಗಿನ ಸುದ್ದಿ ಗೊತ್ತು. ಮೊಣಕಾಲು ನೋಯುತ್ತದೆ, ಆದರೂ ಮಾರ್ಕೆಟ್ಟಿನಲ್ಲಿ ತೊಗರಿಯ ದರ ಚೌಕಾಸಿ ಮಾಡುವ ಬುದ್ಧಿ ಹಾಗೇ ಇದೆ ಎಂದು ಆತನಿಗೆ ತಿಳಿದಿದೆ. ಇಬ್ಬರಲ್ಲಿ ಯಾರ ಮಾಹಿತಿ ಸರಿ? ಊರನ್ನು ಗುಡ್ಡದ ಮೇಲಿಂದ ನೋಡಿದವನ ಮಾತಿಗಿಂತ ಊರಲ್ಲಿ ಇರುವವನ ಮಾತನ್ನು ನಾವು ಬೇರೆಲ್ಲ ವಿಷಯದಲ್ಲಿ ನಂಬುತ್ತೇವೆ. ಮುಪ್ಪಿನ ವಿಷಯದಲ್ಲಿ ಮಾತ್ರ ಗುಡ್ಡದ ಮೇಲಿನವನ ಮಾತೇ ಸತ್ಯ, ಊರಿನವನದು ಭ್ರಮೆ.

ಆದರೆ ಓಣಿಯ ಆ ಆಯಿಗೆ ಜರ್ಮನಿಯ ಲೆಕ್ಕ ಹೊಂದುವುದಿಲ್ಲ. ಆಕೆ ಗಡಿಯನ್ನು ಮುಂದಕ್ಕೂ ಹಿಂದಕ್ಕೂ ಸರಿಸುತ್ತಾಳೆ, ಅದೂ ಐದು ನಿಮಿಷದ ಅಂತರದಲ್ಲಿ. ಹಾಗಾದರೆ ಬದಲಾಗುವುದು ಏನು?

ಇದಕ್ಕೆ ನನಗೆ ಸುಳಿವು ಸಿಕ್ಕಿದ್ದು ಬಸವಣ್ಣನವರ ಒಂದು ವಚನದಲ್ಲಿ. ಮುಪ್ಪು ಬರುವ ಮುನ್ನ ಕೂಡಲಸಂಗಮದೇವನನ್ನು ಪೂಜಿಸು ಎನ್ನುವ ಆ ವಚನ ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆಲ್ಲ ನೆನಪಿರುತ್ತದೆ. ಕೂದಲು, ಗಲ್ಲ, ಹಲ್ಲು, ಬೆನ್ನು ಎಂದು ದೇಹವನ್ನು ಒಂದೊಂದಾಗಿ ಮುಟ್ಟುತ್ತ ಸಾಗುತ್ತದೆ. ಬಸವಣ್ಣನವರು ಹುಟ್ಟಿದ್ದು 1105 ಎನ್ನುವವರಿದ್ದಾರೆ, 1130ರ ದಶಕ ಎನ್ನುವವರೂ ಇದ್ದಾರೆ. ಕಲ್ಯಾಣದ ಕ್ರಾಂತಿ ನಡೆದು ಅವರ ಬಾಳು ಮುಗಿದದ್ದು 1167ರ ಹೊತ್ತಿಗೆ. ಎರಡನೇ ಲೆಕ್ಕ ಹಿಡಿದರೆ ಅವರು ನಲವತ್ತನ್ನೂ ಕಂಡಂತಿಲ್ಲ. ಆಗ ಇದು ಮುಪ್ಪನ್ನು ಹೊರಗಿನಿಂದ ನೋಡಿದ ವಚನವೇ ಆಯಿತು. ಆದರೂ ಅವರು ದೊಡ್ಡ ಕವಿ. ದೇಹದ ಪಟ್ಟಿಯ ನಡುವೆ ಒಮ್ಮೆಲೆ ದೇಹವನ್ನು ಬಿಟ್ಟು ಮನೆಯೊಳಗೆ ಬರುತ್ತಾರೆ. ಅನ್ಯರ ಹಂಗಿಗೆ ಬೀಳುವ ಮಾತು ಅಲ್ಲಿದೆ. ಶಾಲೆಯಲ್ಲಿ ಓದಿದಾಗ ನನಗೆ ನರೆಗೂದಲು, ಬಿದ್ದ ಹಲ್ಲು ಕಂಡಿದ್ದವು. ಹಂಗು ಕಾಣಿಸಿರಲಿಲ್ಲ. ಈಗ ಓದಿದರೆ ಉಳಿದದ್ದೆಲ್ಲ ಮಸುಕಾಗಿ ಅದೊಂದೇ ಎದ್ದು ನಿಲ್ಲುತ್ತದೆ.

ನನ್ನ ವಾದ ಇಷ್ಟೇ. ವಯಸ್ಸಿನ ಜತೆ ಮುಪ್ಪಿನ ಭಯ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಅದು ಜಾಗ ಬದಲಿಸುತ್ತದೆ. ಹರೆಯದವರಿಗೆ ಭಯ ಕನ್ನಡಿಯಲ್ಲಿದೆ. ನಡುವಯಸ್ಸಿನವರಿಗೆ ಖರ್ಚಿನ ಲೆಕ್ಕದಲ್ಲಿದೆ. ಮುದುಕರಿಗೆ ಅದು ಹಂಗಿನಲ್ಲಿದೆ. ಸಾವಿನ ಮಾತನ್ನು ಅವರು ಎಲೆ ಮಡಚುತ್ತ ಆಡುತ್ತಾರೆ, ಆದರೆ ಸೊಸೆಯ ಕೈಯಲ್ಲಿ ಬಚ್ಚಲಿಗೆ ಹೋಗಬೇಕಾದೀತು ಎಂಬ ಮಾತು ಬಂದರೆ ದನಿ ಇಳಿಯುತ್ತದೆ. ಯಾರು ಯಾರ ಹಂಗಿನಲ್ಲಿ ಇರಬೇಕು ಎಂಬುದನ್ನು ಮುಪ್ಪಿನ ಬಗ್ಗೆ ಏನೂ ತಿಳಿಯದ ವಯಸ್ಸಿನವರೇ ಬಹುಪಾಲು ತೀರ್ಮಾನಿಸುತ್ತಾರೆ.

ನಡುವಯಸ್ಸಿನವರ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಮುಪ್ಪಿನ ಮೇಲೆ ಅತಿ ಕಠೋರವಾಗಿ ಮಾತಾಡುವವರು ಇವರೇ. ಬಸವಕಲ್ಯಾಣಕ್ಕೆ ಹೆದ್ದಾರಿಯಿಂದ ಹೊರಳುವ ಸಸ್ತಾಪುರ ಬಂಗ್ಲಾದ ಚಹಾದಂಗಡಿಗಳಲ್ಲಿ ಲಾರಿ ಮಾಲೀಕರು, ಡ್ರೈವರುಗಳು ಕೂತಿರುತ್ತಾರೆ. ಒಂದು ಕಡೆ ಹೈದರಾಬಾದ, ಇನ್ನೊಂದು ಕಡೆ ಸೋಲಾಪುರ, ಪುಣೆ. ಅಲ್ಲೊಮ್ಮೆ ನಲವತ್ತರ ಆಸುಪಾಸಿನವನೊಬ್ಬ ಗೆಳೆಯನ ಮುಂದೆ ಗೋಳು ತೋಡಿಕೊಳ್ಳುತ್ತಿದ್ದ. ಹೊಲ ಒತ್ತೆ ಇಟ್ಟು ಇನ್ನೊಂದು ಲಾರಿ ತೆಗೆದುಕೊಳ್ಳಬೇಕು, ಖಾತೆ ಅಪ್ಪನ ಹೆಸರಲ್ಲಿದೆ, ಅಪ್ಪ ಸಹಿ ಹಾಕುತ್ತಿಲ್ಲ. "ಎಪ್ಪತ್ತಾದ್ರೂ ಆಸೆ ಬಿಟ್ಟಿಲ್ಲ ನೋಡು. ಸಾಯತನಾ ಗಂಟು ಕಟ್ಕೊಂಡೇ ಕೂಡ್ತಾನ." ಗೆಳೆಯ ಗೋಣು ಹಾಕಿದ. ನನಗೆ ಆ ಕಾಣದ ಅಪ್ಪನ ಮುಖ ಊಹಿಸಲು ಕಷ್ಟವಾಗಲಿಲ್ಲ. ಮಗ ಆಸೆ ಎಂದು ಕರೆದದ್ದನ್ನು ಅಪ್ಪ ಬೇರೆ ಏನೋ ಎಂದು ಕರೆಯುತ್ತಿರಬೇಕು. ಎತ್ತು ಮಾರಿಯಾಗಿದೆ, ಹೆಂಡತಿ ಹೋಗಿರಬಹುದು, ಪಂಚಾಯಿತಿ ಕಟ್ಟೆಯಲ್ಲಿ ಆತನ ಮಾತಿಗೆ ಮೊದಲಿನ ತೂಕವಿಲ್ಲ. ಉಳಿದದ್ದು ಒಂದು ಸಹಿ. ಅದು ಇರುವ ತನಕ ಮನೆಯಲ್ಲಿ ಯಾರೋ ಬಂದು "ಅಪ್ಪಾ, ಚಾ ಕುಡೀತಿಯಾ" ಎಂದು ಕೇಳುತ್ತಾರೆ. ಮಗನೂ ಸುಳ್ಳಲ್ಲ. ಆತನಿಗೂ ಮಕ್ಕಳ ಫೀಸು, ಲಾರಿಯ ಕಂತು, ಟೈರಿನ ಬೆಲೆ ತಲೆ ಮೇಲೆ ಕೂತಿವೆ. ಎಪ್ಪತ್ತರ ಅಪ್ಪ ಆತನಿಗೆ ದಾರಿಗೆ ಅಡ್ಡ ನಿಂತ ಗೇಟಿನಂತೆ ಕಾಣುತ್ತಾನೆ. ಮುಪ್ಪಿನ ಬಗ್ಗೆ ಅವರಿಬ್ಬರ ಅಭಿಪ್ರಾಯ ಬೇರೆಯಾಗಿರುವುದು ಸ್ವಭಾವದಿಂದಲ್ಲ. ಸಹಿಯ ಯಾವ ಬದಿಯಲ್ಲಿ ಕೂತಿದ್ದಾರೆ ಎಂಬುದರಿಂದ.

ಈ ಜಗಳ ಹಳೆಯದು, ಮತ್ತು ಅದರ ಕಾನೂನು ಬರೆದದ್ದು ಇದೇ ಬಸವಕಲ್ಯಾಣದಲ್ಲಿ, ಅಂದಿನ ಕಲ್ಯಾಣದಲ್ಲಿ. ಬಸವಣ್ಣನವರಿಗಿಂತ ಒಂದೆರಡು ತಲೆಮಾರು ಮೊದಲು, ಆರನೆಯ ವಿಕ್ರಮಾದಿತ್ಯ ಕಲ್ಯಾಣದಿಂದ ಆಳುತ್ತಿದ್ದಾಗ (1076–1126), ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಕೃತಿಯ ಕೊನೆಗೆ ಕಲ್ಯಾಣದಂಥ ಪಟ್ಟಣ ಇನ್ನೊಂದಿಲ್ಲ ಎಂದು ಹಾಡಿ ಹೊಗಳಿದ್ದಾನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬುದು ಅವನ ಮುಖ್ಯ ಪ್ರತಿಪಾದನೆ. ಬಂಗಾಳದಲ್ಲಿ ಜೀಮೂತವಾಹನನ 'ದಾಯಭಾಗ' ಇದಕ್ಕೆ ಎದುರು ನಿಂತಿತು: ತಂದೆ ತೀರಿದ ಮೇಲೇ ಮಗನ ಹಕ್ಕು. ಭಾರತದ ಬಹುಭಾಗ ಕಲ್ಯಾಣದ ಮಾತನ್ನು ಒಪ್ಪಿತು. ನನಗೆ ಇಲ್ಲಿ ಕುತೂಹಲದ ಸಂಗತಿ ಇನ್ನೊಂದಿದೆ. ತಂದೆಗೆ ಇಷ್ಟವಿಲ್ಲದಿದ್ದರೂ ಮಕ್ಕಳು ಪಾಲು ಕೇಳಬಹುದಾದ ಸಂದರ್ಭಗಳನ್ನು ಮಿತಾಕ್ಷರಾ ಹೇಳುತ್ತದೆ. ಅಲ್ಲಿ ಶಂಖನೆಂಬ ಹಿಂದಿನ ಸ್ಮೃತಿಕಾರನನ್ನು ಆಧಾರವಾಗಿ ತಂದು ತಂದೆಯ ರೋಗವನ್ನು, ಬುದ್ಧಿ ಕೆಟ್ಟಿರುವುದನ್ನು ಕಾರಣಗಳೆಂದು ಎಣಿಸುತ್ತದೆ. ಅದೇ ಸಾಲಿನಲ್ಲಿ ಮುಪ್ಪೂ ಇದೆ. ಮುದುಕನಾದದ್ದೇ ಸಾಕು, ತಪ್ಪು ಮಾಡಿರಬೇಕಿಲ್ಲ. ಹಿಂದೆಲ್ಲ ಹಿರಿಯರಿಗೆ ಎಷ್ಟು ಗೌರವವಿತ್ತು, ಕೂಡು ಕುಟುಂಬ ಎಷ್ಟು ಚೆನ್ನಾಗಿತ್ತು ಎಂದು ಭಾಷಣ ಮಾಡುವವರು ಕಲ್ಯಾಣದ ಈ ಪುಸ್ತಕವನ್ನು ಒಮ್ಮೆ ತೆರೆದು ನೋಡಬೇಕು. ಒಂಬತ್ತು ನೂರು ವರ್ಷಗಳ ಹಿಂದೆಯೂ ಮಕ್ಕಳು ಕೇಳುತ್ತಿದ್ದರು, ಅಪ್ಪಂದಿರು ಬಿಡುತ್ತಿರಲಿಲ್ಲ. ಇಲ್ಲದಿದ್ದರೆ ನಿಯಮದ ಅಗತ್ಯವೇ ಬರುತ್ತಿರಲಿಲ್ಲ.

ಅದೇ ಊರಿನಲ್ಲಿ ಈಗ ಉಪವಿಭಾಗಾಧಿಕಾರಿಗಳ ಕಚೇರಿಯಿದೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯಂತೆ ಹೆತ್ತವರು ಮಕ್ಕಳ ಮೇಲೆ ದೂರು ಕೊಡಬೇಕಾದ ನ್ಯಾಯಮಂಡಳಿಗೆ ಇಂಥ ಅಧಿಕಾರಿಗಳೇ ಅಧ್ಯಕ್ಷರು. ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಕೊಡಿಸಬಹುದು. ಕಾಯ್ದೆಯ 23ನೇ ಕಲಂ ಇನ್ನೂ ಗಟ್ಟಿಯಾದದ್ದು. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರವನ್ನೇ ರದ್ದು ಮಾಡಬಹುದು. ಆದರೆ ಷರತ್ತು ಎಲ್ಲಿರಬೇಕು? ಆ ಷರತ್ತು ಇತ್ತೆಂದು ತೋರಿಸಲೇಬೇಕು ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟು ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕು ಎಂದಿತು. ಆದರೂ ಯಾವ ತಂದೆ ಮಗನಿಗೆ ಹೊಲ ಬರೆದು ಕೊಡುವಾಗ "ನನಗೆ ಎರಡು ಹೊತ್ತು ರೊಟ್ಟಿ ಹಾಕಬೇಕು" ಎಂದು ಸ್ಟಾಂಪ್ ಕಾಗದದಲ್ಲಿ ಬರೆಸುತ್ತಾನೆ? ಬರೆಸಿದರೆ ಓಣಿಯವರು ನಗುತ್ತಾರೆ. ಐವತ್ತೈದರ ಹೊತ್ತಿಗೆ, ಕೈಕಾಲು ಗಟ್ಟಿ ಇರುವಾಗ, ಎಪ್ಪತ್ತೈದರ ತನ್ನನ್ನು ಊಹಿಸಿಕೊಂಡು ಷರತ್ತು ಹಾಕುವುದು ಸಾಧ್ಯವಾಗದ ಮಾತು. ಆಗ ಅವನ ಮನಸ್ಸಿನಲ್ಲಿ ಮುಪ್ಪು ಇನ್ನೂ ಬಹಳ ದೂರ ಇರುತ್ತದೆ. ಗಡಿ ಮುಂದಕ್ಕೆ ಸರಿಯುತ್ತ ಹೋಗುವುದರ ನಿಜವಾದ ನಷ್ಟ ಇದು. ಮನಸ್ಸಿಗೆ ಒಳ್ಳೆಯದು, ದಸ್ತಾವೇಜಿಗೆ ಕೆಟ್ಟದ್ದು.

ಹಳ್ಳಿಗಳಲ್ಲಿ ಬುದ್ಧಿವಂತರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಹಿಸ್ಸೆ ಮಾಡುವಾಗ ಒಂದೆಕರೆ, ಎರಡೆಕರೆ ತಮ್ಮ ಹೆಸರಿಗೆ ಉಳಿಸಿಕೊಳ್ಳುತ್ತಾರೆ. ಅದರ ಫಸಲಿಗಿಂತ ಅದು ಕೊನೆಗೆ ಯಾರಿಗೆ ಹೋಗುತ್ತದೆ ಎಂಬ ಅನುಮಾನವೇ ಹೆಚ್ಚು ದುಡಿಯುತ್ತದೆ. ಉಳಿಸಿಕೊಳ್ಳದವರಿಗೆ ಪಾಳಿ. ಒಂದು ತಿಂಗಳು ಹಿರಿಯವನ ಮನೆ, ಒಂದು ತಿಂಗಳು ಕಿರಿಯವನ ಮನೆ. ಕೆಲವು ಕಡೆ ಹೊಲದ ಜತೆ ಅಪ್ಪ ಅವ್ವನೂ ಪಾಲಾಗುತ್ತಾರೆ, ಅಪ್ಪ ಒಬ್ಬನಿಗೆ, ಅವ್ವ ಇನ್ನೊಬ್ಬನಿಗೆ. ಹೊಲವೇ ಇಲ್ಲದ, ಗಂಡ ತೀರಿಹೋದ ಹೆಂಗಸಿಗೆ ಈ ಯಾವ ಆಟವೂ ಇಲ್ಲ. ಆಕೆಗೆ ಉಳಿಯುವುದು ಸೋಯಾ ಹೊಲದ ಸದಿ ಮತ್ತು ಆ 1200 ರೂಪಾಯಿ.

ಅದನ್ನು ಅಂಗಡಿಯ ಹುಡುಗ ಪಗಾರ ಎಂದಿದ್ದ. ಈ ಭಾಗದಲ್ಲಿ ಅದನ್ನು ಹೀಗೆ ಕರೆಯುವವನು ಆತನೊಬ್ಬನೇ ಅಲ್ಲ. ಸರಕಾರದ ಕಾಗದದಲ್ಲಿ ಅದು ಮಾಸಾಶನ, ಪಿಂಚಣಿ, ಸಾಮಾಜಿಕ ಭದ್ರತೆ. ಮೊದಲು ಇದನ್ನು ಅಜ್ಞಾನ ಎಂದುಕೊಂಡಿದ್ದೆ. ಈಗ ಅನಿಸುತ್ತದೆ, ಇದಕ್ಕಿಂತ ಸರಿಯಾದ ಪದ ಇನ್ನೊಂದಿಲ್ಲ. ಪಗಾರಕ್ಕೆ ಹಂಗಿಲ್ಲ. ದುಡಿದದ್ದಕ್ಕೆ ಬರುವುದು ಪಗಾರ, ಕರುಣೆಯಿಂದ ಬರುವುದು ಭಿಕ್ಷೆ. ಐವತ್ತು ವರ್ಷ ದುಡಿದವಳಿಗೆ ತಡವಾಗಿ, ಕಡಿಮೆಯಾಗಿ ಬಂದ ಕೂಲಿ ಅದು ಎಂಬ ತೀರ್ಮಾನ ಆ ಒಂದು ಪದದಲ್ಲಿದೆ. ಹೀಗೆ ಯೋಚಿಸುವುದು ಕಲ್ಯಾಣದ ನೆಲಕ್ಕೆ ಹೊಸದೇನಲ್ಲ. ಬಸವಕಲ್ಯಾಣದಲ್ಲಿ ಇವತ್ತಿಗೂ ನುಲಿಯ ಚಂದಯ್ಯನ ಗವಿ ತೋರಿಸುತ್ತಾರೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದು ಆತನ ಕಾಯಕ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ಬಿದ್ದರೂ ಕೆಲಸ ಬಿಡಲಿಲ್ಲ, ಲಿಂಗವೇ ಹಿಂದೆ ಬಂದಿತು ಎಂದು ಕತೆ. ದೇವರ ಹಂಗನ್ನೂ ಒಪ್ಪದ ಮನುಷ್ಯ. ಶರಣರು ವರ್ಣದ ಜತೆಗೆ ಆಶ್ರಮವನ್ನೂ ತಿರಸ್ಕರಿಸಿದರು ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಕೂದಲು ನೆರೆದು ಮೊಮ್ಮಗನ ಮುಖ ಕಂಡಾಗ ಕಾಡಿಗೆ ಹೋಗು ಎಂದ ಮನುವಿನ ವಾನಪ್ರಸ್ಥಕ್ಕೆ ಅವರಲ್ಲಿ ಜಾಗವಿಲ್ಲ. ಕಾಯಕಕ್ಕೆ ನಿವೃತ್ತಿಯ ವಯಸ್ಸು ಇಲ್ಲ. ಇದರಲ್ಲಿ ಒಂದು ಕ್ರೌರ್ಯವೂ ಇದೆ, ಒಪ್ಪಬೇಕು. ದುಡಿಯಲಾಗದ ದಿನ ಏನು ಎಂಬ ಪ್ರಶ್ನೆಗೆ ದಾಸೋಹ ಎಂಬ ಉತ್ತರವಿದೆ, ಆದರೆ ದಾಸೋಹ ಮಾಡುವವನಿಗೆ ಹಿತವಾದಷ್ಟು ಪಡೆಯುವವನಿಗೆ ಹಿತವಾಗಿರುವುದಿಲ್ಲ.

ಭಾಷೆಯನ್ನೇ ಇನ್ನೊಂದಿಷ್ಟು ಕೆದಕಬಹುದು. ನಮ್ಮ ಕಡೆ ಮುದುಕನಿಗೆ ಎರಡು ಹೆಸರು. ಮುದುಕ ಅಥವಾ ಬುಡ್ಡಾ ಎನ್ನುವುದು ದೇಹಕ್ಕೆ. ಮುತ್ಯಾ ಎನ್ನುವುದು ಸಂಬಂಧಕ್ಕೆ. ಮುತ್ಯಾ ಎಂದರೆ ಅಜ್ಜ, ಮಠದ ಸ್ವಾಮಿಯೂ ಮುತ್ಯಾ, ಆತ ಮೂವತ್ತರ ಪ್ರಾಯದವನಾದರೂ. ಮುತ್ಯಾ ಎಂದು ಕರೆದರೆ ಐವತ್ತರವನೂ ಖುಷಿಯಾಗಿ ತಿರುಗಿ ನೋಡುತ್ತಾನೆ. ಮುದುಕ ಎಂದರೆ ಎಂಬತ್ತರವನೂ ಜಗಳಕ್ಕೆ ನಿಲ್ಲುತ್ತಾನೆ. ಮುತ್ಯಾನಿಂದ ಜನರಿಗೆ ಏನೋ ಸಿಗುತ್ತದೆ, ಅಂಗಾರವೋ, ಬುದ್ಧಿಮಾತೋ, ಕತೆಯೋ. ಮುದುಕನಿಗೆ ಜನ ಕೊಡಬೇಕು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನೂರು ದಾಟಿ ಬದುಕಿ 1999ರಲ್ಲಿ ಲಿಂಗೈಕ್ಯರಾದರು. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದವರು, ಬಸವಕಲ್ಯಾಣದಲ್ಲಿ ಅನುಭವ ಮಂಟಪ ಕಟ್ಟಿಸಿದವರು. ಅವರನ್ನು ಯಾರೂ ವಯಸ್ಸಾದವರು ಎಂದು ನೆನೆಯುವುದಿಲ್ಲ. ಅವರ ಸುತ್ತ ಒಂದು ಮಠ ಇತ್ತು, ಮಾಡಲು ಕೆಲಸ ಇತ್ತು ಎಂಬುದನ್ನು ಮರೆತು "ನೋಡಿ, ನೂರರಲ್ಲೂ ಎಂಥ ಉತ್ಸಾಹ" ಎಂದು ಉಳಿದ ಮುದುಕರಿಗೆ ಉಪದೇಶ ಮಾಡುವುದು ಮಾತ್ರ ಅನ್ಯಾಯ.

ಉಪದೇಶದ ಮಾತು ಬಂದದ್ದಕ್ಕೆ ಇನ್ನೊಂದು. ವಯಸ್ಸು ಬರೀ ಸಂಖ್ಯೆ ಎಂಬ ಸಂದೇಶ ದಿನಾ ಬೆಳಗ್ಗೆ ನನ್ನ ಮೊಬೈಲಿಗೆ ಬರುತ್ತದೆ, ಸೂರ್ಯೋದಯದ ಚಿತ್ರದ ಸಮೇತ. ಅದಕ್ಕೆ ವಿಜ್ಞಾನದ ಬೆಂಬಲ ಎಂದು ತೋರಿಸುವುದು ಬೆಕ್ಕಾ ಲೆವಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆಯ 2002ರ ಅಧ್ಯಯನವನ್ನು. ಒಹಾಯೊದ ಒಂದು ಸಣ್ಣ ಪಟ್ಟಣದ, ಐವತ್ತು ದಾಟಿದ 660 ಜನರ ಉತ್ತರಗಳನ್ನು 23 ವರ್ಷಗಳ ಸಾವಿನ ಲೆಕ್ಕದ ಜತೆ ಇಟ್ಟು ನೋಡಿದಾಗ, ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಇಲ್ಲದವರಿಗಿಂತ ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಆರೋಗ್ಯ, ಆರ್ಥಿಕ ಸ್ಥಿತಿಗಳ ವ್ಯತ್ಯಾಸ ಕಳೆದ ಮೇಲೂ ಸಂಬಂಧ ಉಳಿದಿತ್ತು. ಗಂಭೀರ ಅಧ್ಯಯನ, ಅಲ್ಲಗಳೆಯುವುದಿಲ್ಲ. ಹರೆಯದಲ್ಲಿ ಮುದುಕರನ್ನು ಅಣಕಿಸಿದವನು ಆ ಅಣಕವನ್ನೇ ಮುಂದೆ ತನ್ನ ಮೈಮೇಲೆ ಹೊತ್ತುಕೊಳ್ಳುತ್ತಾನೆ ಎಂಬ ಲೆವಿಯವರ ಮುಂದಿನ ವಾದವೂ ನನಗೆ ಒಪ್ಪಿಗೆ. ಆದರೆ ಸೋಯಾ ಹೊಲಕ್ಕೆ ಈ ಮಾತನ್ನು ಹಾಗೇ ಎತ್ತಿ ತರುವುದು ಕಷ್ಟ. ಅಲ್ಲಿ ಒಳ್ಳೆಯ ಭಾವನೆ ಎಂಬುದು ಕೂಲಿಗೆ ಕರೆಯುವವರ ಕೈಯಲ್ಲಿದೆ. ಸೊಂಟ ಬಗ್ಗುವ ತನಕ ಆಕೆ ಮುದುಕಿಯಲ್ಲ. ಬಗ್ಗದ ದಿನ ಯಾವ ಸೂರ್ಯೋದಯವೂ ಆಕೆಯನ್ನು ಐವತ್ತೈದಕ್ಕೆ ಇಳಿಸಲಾರದು. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದ ನೂರು ಜನರಲ್ಲಿ ಒಂಬತ್ತೂವರೆ ಮಂದಿ ಅರವತ್ತು ದಾಟಿದ್ದರು. ಇವರೆಲ್ಲರ ಮುಪ್ಪನ್ನು ಮನೋಭಾವದ ತಲೆಗೆ ಕಟ್ಟಿ ಕೈತೊಳೆದುಕೊಂಡರೆ 1200 ರೂಪಾಯಿಯನ್ನು ಹೆಚ್ಚಿಸುವ ಪ್ರಶ್ನೆ ಏಳುವುದೇ ಇಲ್ಲ. ಕೇಂದ್ರ ಸರಕಾರ ತನ್ನ ವೃದ್ಧಾಪ್ಯ ಪಿಂಚಣಿಗೆ ಕೊಡುವುದು ಎಂಬತ್ತರ ತನಕ ಇನ್ನೂ ತಿಂಗಳಿಗೆ 200 ರೂಪಾಯಿ. ಅದು ಎಂಥ ಮನೋಭಾವ?

ಮನೋಭಾವ ಬದಲಾಯಿಸಲು ಒಂದು ಸಣ್ಣ ವ್ಯವಸ್ಥೆ ಸಾಕಾಗುತ್ತದೆ ಎಂಬುದನ್ನು ನಾನು ಕಂಡದ್ದು ಬಸ್ಸಿನಲ್ಲಿ. 2023ರ ಜೂನ್ 11ರಂದು ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ ಮಾಡುವ ಶಕ್ತಿ ಯೋಜನೆ ಬಂತು. ಅದಕ್ಕೂ ಮುಂಚೆ ಅರವತ್ತು ದಾಟಿದವರಿಗೆ ಟಿಕೇಟಿನಲ್ಲಿ ಶೇಕಡಾ 25 ರಿಯಾಯಿತಿ ಇತ್ತು, ಗಂಡಸರಿಗೆ ಈಗಲೂ ಇದೆ. ಅದನ್ನು ಪಡೆಯಬೇಕಾದರೆ ನಾಲ್ಕು ಜನರ ನಡುವೆ ಚೀಟಿ ತೆಗೆದು ತಾನು ಮುದುಕಿ ಎಂದು ಸಾಬೀತು ಮಾಡಬೇಕಿತ್ತು. ಈಗ ರಾಜ್ಯದ ಹೆಣ್ಣಾಗಿದ್ದರೆ ಸಾಕು. ಎಪ್ಪತ್ತರವಳಿಗೂ ಕಾಲೇಜಿನ ಹುಡುಗಿಗೂ ಒಂದೇ ಟಿಕೇಟು, ಸೊನ್ನೆ ರೂಪಾಯಿ. ಮಗನ ಮುಂದೆ ಬಸ್‌ಚಾರ್ಜಿಗೆ ಕೈ ಚಾಚದೆ ಆಯಿಗಳು ಮಾಣಿಕನಗರಕ್ಕೆ, ವೀರಭದ್ರೇಶ್ವರನ ಜಾತ್ರೆಗೆ, ಮಗಳ ಮನೆಗೆ ಹೊರಟರು. ಮಗಳನ್ನು ಉಮರ್ಗಾ ಕಡೆ ಕೊಟ್ಟವರಿಗೆ ಮಾತ್ರ ಗಡಿಯ ಆಚೆ ಪುಕ್ಕಟೆ ಇಲ್ಲ. ಮಹಾರಾಷ್ಟ್ರದ ಮಗಳನ್ನು ನೋಡಲು ಈಗಲೂ ಮಗನನ್ನೇ ಕೇಳಬೇಕು.

ಹೋದ ತಿಂಗಳು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟಿದ್ದೆ. ಬರುವ ಜೂನ್ 1ಕ್ಕೆ ಕಾಗದದ ಪ್ರಕಾರ ನನಗೂ ಅರವತ್ತು. ಅವ್ವನ ಲೆಕ್ಕದಲ್ಲಿ ಒಂದು ವರ್ಷ ಕಡಿಮೆ, ಈ ನಡುವೆ ಅವ್ವನ ಲೆಕ್ಕವೇ ಹೆಚ್ಚು ಸರಿ ಅನಿಸತೊಡಗಿದೆ. ಹಿರಿಯ ನಾಗರಿಕರ ಚೀಟಿಗೆ ಅರ್ಜಿ ಕೊಡು ಎಂದು ಮನೆಯಲ್ಲಿ ಹೇಳುತ್ತಿದ್ದಾರೆ, ಫಾರಂ ಮೇಜಿನ ಮೇಲೆ ಬಿದ್ದಿದೆ. ಪಕ್ಕದ ಸೀಟಿನಲ್ಲಿ ಒಬ್ಬ ಆಯಿ, ಮಡಿಲಲ್ಲಿ ರೊಟ್ಟಿಗಂಟು. ಕಂಡಕ್ಟರ್ ಆಕೆಗೆ ಸೊನ್ನೆ ಟಿಕೇಟು ಹರಿದುಕೊಟ್ಟು ನನ್ನ ಕಡೆ ತಿರುಗಿ ದುಡ್ಡು ಇಸಿದುಕೊಂಡು ಹೋದ. ಸ್ವಲ್ಪ ಹೊತ್ತು ನನ್ನನ್ನೇ ನೋಡುತ್ತಿದ್ದ ಆಯಿ ಕೇಳಿದಳು, "ನಿಮಗ ಎಷ್ಟಾತ್ರಿ?"

ಆಚೀಚೆ ನೋಡಿದೆ. ದನಿ ಇಳಿಸಿ "ಐವತ್ತೊಂಬತ್ತು" ಅಂದೆ.

"ಅಯ್ಯ ಶಿವನೇ" ಅಂದಳು ಆಯಿ, "ಕಲ್ಯಾಣಕ್ಕ ಇಷ್ಟ ದೂರಕ್ಕ ಅಷ್ಟು ತಗೊಂಡ್ನಾ ಅಂವಾ?"